ಕಾಣದ ತಿರುಚು, ಮುರಿಯುವ ಉಕ್ಕು

ವಿಜಯಪುರದ ಗಾಂಧಿ ಚೌಕದಲ್ಲಿ ಐದು ನಿಮಿಷ ನಿಂತರೆ ಎಂಜಿನ್‌ಗಳ ಹತ್ತಾರು ದನಿ ಕಿವಿಗೆ ಬೀಳುತ್ತವೆ. ನಿಂತಲ್ಲೇ ಗಡಗಡ ನಡುಗುವ ಆಟೋ, ತಿಕೋಟಾ, ಬಬಲೇಶ್ವರ ಕಡೆಯ ಬಸ್ಸು, ಸಾಮಾನು ಹೇರಿಕೊಂಡ ಟ್ರ್ಯಾಕ್ಟರ್. ಈ ನಡುಕ ಎಲ್ಲರಿಗೂ ಕಾಣುತ್ತದೆ. ಆದರೆ ಎಂಜಿನ್ನಿನ ಒಳಗೆ ಕಾಣದ ಇನ್ನೊಂದು ನಡುಕವಿದೆ. ತಿರುಗುವ ಶಾಫ್ಟು ತಿರುಗುತ್ತಲೇ, ಒದ್ದೆ ಬಟ್ಟೆ ಹಿಂಡಿದಂತೆ ಒಂದಿಷ್ಟು ತಿರುಚಿಕೊಂಡು ಮತ್ತೆ ಸಡಿಲಗೊಳ್ಳುತ್ತದೆ. ಇದು ಕ್ಷಣಕ್ಕೆ ಹಲವು ಸಲ ನಡೆಯುತ್ತದೆ. ಇದೇ ತಿರುಚು ಕಂಪನ. ಕಣ್ಣಿಗೆ ಕಾಣದು, ಅನೇಕ ಸಲ ಕೈಗೂ ತಾಗದು. ಒಂದು ದಿನ ತೋಳಿನಷ್ಟು ದಪ್ಪದ ಉಕ್ಕು ತುಂಡಾದಾಗಲೇ ಅದರ ಇರವು ಗೊತ್ತಾಗುವುದು.

ಗಿರಣಿಯ ಪಟ್ಟಾ

ನಮ್ಮ ಭಾಗಕ್ಕೆ ಯಂತ್ರ ಬಂದ ಕಥೆಯಲ್ಲಿ ಕಿರ್ಲೋಸ್ಕರ್ ಹೆಸರು ದೊಡ್ಡದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಮುಂದೆ ಮೇವು ಕತ್ತರಿಸುವ ಯಂತ್ರಕ್ಕೂ ಕಬ್ಬಿಣದ ನೇಗಿಲಿಗೂ ಕೈಹಾಕಿದರು. 1910ರಲ್ಲಿ ಔಂಧ ಸಂಸ್ಥಾನದ ನೆಲದಲ್ಲಿ ಅವರು ಕಟ್ಟಿದ ಊರೇ ಕಿರ್ಲೋಸ್ಕರವಾಡಿ. 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಸ್ಥಾಪನೆಯಾಯಿತು. ವಿದ್ಯುತ್ ತಂತಿ ಬಾರದ ಹಳ್ಳಿಗಳಲ್ಲಿ ಬಾವಿಯ ನೀರು ಎತ್ತಿದ್ದು, ಜೋಳ ಬೀಸಿದ್ದು ಇಂಥ ಎಣ್ಣೆ ಎಂಜಿನ್‌ಗಳೇ.

ಈ ಎಂಜಿನ್ನಿನ ನಡೆ ಸಮವಾದುದಲ್ಲ. ಒಂದೇ ಸಿಲಿಂಡರಿನ ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಎರಡು ಸುತ್ತಿಗೆ ಒಮ್ಮೆ ಮಾತ್ರ ಇಂಧನ ಉರಿದು ಶಕ್ತಿ ಬರುತ್ತದೆ. ನಿಮಿಷಕ್ಕೆ 650 ಸುತ್ತಿದರೆ 325 ಗುದ್ದು, ಅಂದರೆ ಸೆಕೆಂಡಿಗೆ ಐದಕ್ಕಿಂತ ತುಸು ಹೆಚ್ಚು. ಗುದ್ದು ಬಿದ್ದಾಗ ಶಾಫ್ಟು ಮುನ್ನುಗ್ಗುತ್ತದೆ, ಉಳಿದ ಹೊತ್ತು ಹಿಂಜಗ್ಗುತ್ತದೆ. ಪಕ್ಕದ ಭಾರವಾದ ಗಾಲಿ ಈ ಏರಿಳಿತವನ್ನು ನುಂಗಲೆಂದೇ ಇರುವುದು. ಅದು ನುಂಗಿ ಉಳಿದದ್ದನ್ನು ಎಂಜಿನ್ನಿಗೂ ಬೀಸುವ ಕಲ್ಲಿಗೂ ನಡುವಿನ ಉದ್ದನೆಯ ಪಟ್ಟಾ ತಡೆಯುತ್ತಿತ್ತು. ಪಟ್ಟಾ ತುಸು ಹಿಗ್ಗುತ್ತದೆ, ಗುದ್ದು ಜೋರಾದರೆ ತುಸು ಜಾರುತ್ತದೆ. ಎಂಜಿನಿಯರಿಂಗ್ ಪುಸ್ತಕ ಓದದ ಗಿರಣಿಯವರ ಕೈಯಲ್ಲೂ ಕಂಪನ ತಡೆಯುವ ಉಪಾಯ ಹೀಗೆ ಮೊದಲಿನಿಂದಲೇ ಇತ್ತು.

ಹಡಗಿನಿಂದ ಆಕಾಶದವರೆಗೆ

ಶಾಸ್ತ್ರ ಹುಟ್ಟಿದ್ದು ಸಮುದ್ರದ ಮೇಲೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಉಗಿಹಡಗುಗಳ ಶಾಫ್ಟುಗಳು, ಲೆಕ್ಕದ ಪ್ರಕಾರ ಸಾಕಷ್ಟು ದಪ್ಪವಿದ್ದರೂ, ನಡುನೀರಿನಲ್ಲಿ ಮುರಿಯುತ್ತಿದ್ದವು. ಹ್ಯಾಂಬರ್ಗಿನ ಎಂಜಿನಿಯರ್ ಹರ್ಮನ್ ಫ್ರಾಮ್ ಹಡಗಿನ ಶಾಫ್ಟುಗಳ ತಿರುಚನ್ನು ಅಳೆದು 1902ರಲ್ಲಿ ಅದರ ವಿವರ ಪ್ರಕಟಿಸಿದರು. ದೋಷ ಉಕ್ಕಿನದಲ್ಲ, ವೇಗದ್ದು ಎಂಬುದು ಇದರಿಂದ ಸ್ಪಷ್ಟವಾಯಿತು.

ಜೋಕಾಲಿಯನ್ನು ನೆನೆಯಿರಿ. ಅದು ಹಿಂದಕ್ಕೆ ಬಂದಾಗಲೆಲ್ಲ ಮಗು ಮೆಲ್ಲಗೆ ತಳ್ಳಿದರೂ ಸಾಕು, ಜೋಕಾಲಿ ಮರದೆತ್ತರಕ್ಕೆ ಏರುತ್ತದೆ. ಪ್ರತಿ ಶಾಫ್ಟಿಗೂ ತನ್ನದೇ ಆದ ತೂಗಾಟದ ಲಯ ಉಂಟು. ಎಂಜಿನ್ನಿನ ಗುದ್ದು ಆ ಲಯಕ್ಕೆ ಕೂಡಿಬಂದರೆ ತಿರುಚು ಬೆಳೆಯುತ್ತಾ ಹೋಗುತ್ತದೆ. ತಂತಿಯನ್ನು ಹಿಂದೆಮುಂದೆ ಬಾಗಿಸಿ ಮುರಿದಂತೆ, ಉಕ್ಕು ದಣಿದು ಬಿರುಕುಬಿಡುತ್ತದೆ.

ಆರು ಸಿಲಿಂಡರಿನ ಉದ್ದನೆಯ ಎಂಜಿನ್‌ಗಳು ಬಂದಾಗ ಮೋಟಾರು ಕಾರುಗಳಿಗೂ ಇದೇ ಪೀಡೆ ತಗುಲಿತು. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಶಾಫ್ಟಿನ ತುದಿಗೆ ಬಿಗಿಯಾಗಿ ಕೂರದ, ಉಜ್ಜುತ್ತಾ ಹಿಂದೆ ಬೀಳುವ ಚಿಕ್ಕ ಗಾಲಿಯೊಂದನ್ನು ಜೋಡಿಸಿದರು. ಕಂಪನದ ಶಕ್ತಿ ಆ ಉಜ್ಜಾಟದಲ್ಲಿ ಶಾಖವಾಗಿ ಕರಗುತ್ತಿತ್ತು. ಆದರೂ ಪಾಠ ಪೂರ್ತಿಯಾಗಿರಲಿಲ್ಲ. 1929ರ ಮೇ ತಿಂಗಳಲ್ಲಿ ಅಮೆರಿಕೆಗೆ ಹೊರಟ ಜರ್ಮನಿಯ ಗ್ರಾಫ್ ಜೆಪ್ಪೆಲಿನ್ ವಾಯುನೌಕೆಯ ಐದು ಎಂಜಿನ್‌ಗಳಲ್ಲಿ ನಾಲ್ಕು ದಾರಿಯಲ್ಲೇ ಕೈಕೊಟ್ಟವು. ನೌಕೆ ಹೇಗೋ ದಕ್ಷಿಣ ಫ್ರಾನ್ಸಿನಲ್ಲಿ ಇಳಿಯಿತು. ತಪ್ಪಿತಸ್ಥ ತಿರುಚು ಕಂಪನವೇ ಆಗಿತ್ತು.

ಮೃದುವಾದುದರ ಬಲ

ಶಾಫ್ಟು ಮುರಿದರೆ ಇನ್ನಷ್ಟು ದಪ್ಪದ್ದು ಹಾಕಬೇಕೆಂದು ನಮಗೆ ತೋರುವುದು ಸಹಜ. ಆದರೆ ಕಂಪನ ದಾಟಿಹೋಗದಂತೆ ತಡೆಯುವ ದಾರಿ ಇದಕ್ಕೆ ತಿರುವು. ನಡುವೆ ಮೆತ್ತನೆಯ ಕೊಂಡಿ ಬೇಕು. ಆ ಕೊಂಡಿಯ ತೂಗಾಟದ ಲಯ ಗುದ್ದಿನ ಲಯಕ್ಕಿಂತ ಬಹಳ ನಿಧಾನವಾಗಿರಬೇಕು. ಗುದ್ದಿನ ಲಯ ಕೊಂಡಿಯ ಲಯದ ಸುಮಾರು 1.4 ಪಟ್ಟು ದಾಟಿದ ಮೇಲಷ್ಟೇ ರಕ್ಷಣೆ ಶುರು. ಮೂರು ಪಟ್ಟಾದರೆ ಗುದ್ದಿನ ಸುಮಾರು ಎಂಟನೆಯ ಒಂದು ಪಾಲು ಮಾತ್ರ ಆಚೆ ದಾಟುತ್ತದೆ. ಎಂಜಿನ್ ಶುರುವಾಗುವಾಗಲೂ ನಿಲ್ಲುವಾಗಲೂ ಅಪಾಯದ ಲಯವನ್ನು ಹಾದೇ ಹೋಗಬೇಕಾದ್ದರಿಂದ ಕೊಂಡಿಯಲ್ಲಿ ತುಸು ಉಜ್ಜಾಟವೂ ಇರಬೇಕು.

ಪಂಪಿನ ಕಪ್ಲಿಂಗಿನೊಳಗಿನ ರಬ್ಬರ್ ತುಂಡು, ಲಾರಿಯ ಕ್ಲಚ್ ಪ್ಲೇಟಿನ ನಡುವೆ ಸುತ್ತಲೂ ಕೂತ ಗಿಡ್ಡ ಸ್ಪ್ರಿಂಗುಗಳು ಮಾಡುವುದು ಇದೇ ಕೆಲಸ. ಯಾವುದೇ ಗ್ಯಾರೇಜಿನಲ್ಲಿ ಕೇಳಿದರೆ ಮೇಸ್ತ್ರಿ ತೋರಿಸಿಯಾನು. ರಬ್ಬರ್ ಸವೆದಾಗ ಗಟ್ಟಿಯಾಗಲೆಂದು ಆ ಜಾಗಕ್ಕೆ ಕಬ್ಬಿಣ ತುರುಕಿದರೆ, ಉಳಿಸಿದ ಕೆಲವು ರೂಪಾಯಿಗೆ ಶಾಫ್ಟನ್ನೇ ಬೆಲೆ ತೆರಬೇಕಾದೀತು.

ಕೂಡಗಿಯ ಎತ್ತರದಲ್ಲಿ

ನಮ್ಮ ಜಿಲ್ಲೆಯ ಕೂಡಗಿಯಲ್ಲಿ ಇಂದು 800 ಮೆಗಾವಾಟಿನ ಮೂರು ಘಟಕಗಳ ಉಷ್ಣ ವಿದ್ಯುತ್ ಸ್ಥಾವರವಿದೆ. ಇಂಥ ದೈತ್ಯ ಶಾಫ್ಟುಗಳಲ್ಲಿ ಪಟ್ಟಾಕ್ಕಾಗಲಿ ರಬ್ಬರಿಗಾಗಲಿ ಜಾಗವಿಲ್ಲ. ಅಲ್ಲಿ ಗುದ್ದು ಎಂಜಿನ್ನಿನಿಂದಲ್ಲ, ವಿದ್ಯುತ್ ತಂತಿಯಿಂದಲೇ ಬರಬಹುದು. ಅಮೆರಿಕದ ಮೊಹಾವಿ ಸ್ಥಾವರದಲ್ಲಿ 1970ರಲ್ಲಿ ಒಮ್ಮೆ, 1971ರಲ್ಲಿ ಮತ್ತೊಮ್ಮೆ ಜನರೇಟರಿನ ಶಾಫ್ಟು ಕೆಟ್ಟಿತು. ದೂರದ ತಂತಿಗೆ ಜೋಡಿಸಿದ್ದ ಕೆಪಾಸಿಟರುಗಳ ವಿದ್ಯುತ್ ಲಯ ಶಾಫ್ಟಿನ ತಿರುಚಿನ ಲಯದೊಡನೆ ಕೈಜೋಡಿಸಿತ್ತು. 2005ರಲ್ಲಿ ಆ ಸ್ಥಾವರ ಮುಚ್ಚಿತು, ಆದರೆ ಅದು ಕಲಿಸಿದ ಪಾಠ ಉಳಿಯಿತು. ಅಂಥ ತಂತಿಗೆ ದೊಡ್ಡ ಜನರೇಟರು ಸೇರಿಸುವ ಮುನ್ನ ಎಂಜಿನಿಯರುಗಳು ಈಗ ಈ ಲೆಕ್ಕ ನೋಡುತ್ತಾರೆ.

ಜೋಳದ ಗಿರಣಿಗೂ ಕೂಡಗಿಗೂ ಅಂತರ ಬಹಳ, ಆದರೆ ಲೆಕ್ಕ ಒಂದೇ. ಗುದ್ದು ತಪ್ಪದು, ಲಯ ಕೂಡದಂತೆ ನೋಡಿಕೊಳ್ಳಬೇಕಷ್ಟೆ. ಮುಂದೊಮ್ಮೆ ಹಳೆಯ ಗಿರಣಿಯಲ್ಲಿ ಪಟ್ಟಾ ತುಸು ಜಾರಿದ್ದು ಕಂಡರೆ, ಅದನ್ನು ಬರೀ ದೋಷವೆಂದುಕೊಳ್ಳಬೇಡಿ. ಎಷ್ಟೋ ಸಲ ಶಾಫ್ಟನ್ನು ಉಳಿಸಿದ್ದು ಆ ಜಾರಾಟವೇ.