ಮರಳಿನಲ್ಲಿ ಉಳಿದ ಹಾಯಿಹಡಗು

ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ, ಹೇಸ್ಟಿಂಗ್ಸ್ ಪಟ್ಟಣದ ಪಶ್ಚಿಮಕ್ಕೆ, ಬುಲ್ವರ್‌ಹೈತ್ ಎಂಬ ಕಡಲತೀರವಿದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸಮುದ್ರವು ಬಹುದೂರ ಇಳಿದಾಗ ಅಲ್ಲಿನ ಮರಳಿನಲ್ಲಿ ಕಪ್ಪು ಮರದ ತುದಿಗಳು ಸಾಲಾಗಿ ಕಾಣಿಸುತ್ತವೆ. ಆ ಸಾಲು ಸುಮಾರು 150 ಅಡಿ ಉದ್ದದ ಒಂದು ಹಡಗಿನ ಅಂಚನ್ನು ಬರೆದಂತಿರುತ್ತದೆ. ಅದು ಡಚ್ ಈಸ್ಟ್ ಇಂಡಿಯಾ ಕಂಪನಿಗೆ ಸೇರಿದ 'ಆಮ್‌ಸ್ಟರ್‌ಡ್ಯಾಮ್' ಎಂಬ ಹಾಯಿಹಡಗು.

ಡಚ್ಚರ ಹೆಸರು ನಿಮಗೆ ಹೊಸದಲ್ಲ. 1602ರಲ್ಲಿ ಅವರ ಕಂಪನಿ ಸ್ಥಾಪನೆಯಾಯಿತು, ಸಂಬಾರ ಪದಾರ್ಥಗಳ ವ್ಯಾಪಾರದಿಂದ ಅದು ಸಿರಿವಂತವಾಯಿತು ಎಂದು ಶಾಲೆಯಲ್ಲಿ ಓದಿದ್ದೀರಿ. ನಮ್ಮ ಕರಾವಳಿಯ ಬಸರೂರಿನಲ್ಲಿಯೂ ಅವರು 17ನೆಯ ಶತಮಾನದಲ್ಲಿ ಅಕ್ಕಿಯ ವ್ಯಾಪಾರ ನಡೆಸಿದವರೇ. ಆದರೆ ಆ ಸಿರಿಯ ಬೆಲೆಯನ್ನು ಯಾರು ತೆತ್ತರೆಂಬುದನ್ನು ಪಠ್ಯಪುಸ್ತಕಗಳು ವಿವರವಾಗಿ ಹೇಳುವುದಿಲ್ಲ. ಅದನ್ನು ಈ ಹಡಗು ಹೇಳುತ್ತದೆ.

'ಆಮ್‌ಸ್ಟರ್‌ಡ್ಯಾಮ್' ತನ್ನ ಮೊದಲ ಯಾನಕ್ಕೆ ಹೊರಟಿತ್ತು. ಗುರಿ ಜಾವಾ ದ್ವೀಪದ ಬಟಾವಿಯಾ, ಅಂದರೆ ಇಂದಿನ ಜಕಾರ್ತಾ. ಪ್ರತಿಕೂಲ ಗಾಳಿಯಿಂದ ಎರಡು ಬಾರಿ ಹಿಂದಿರುಗಿ, 1749ರ ಜನವರಿ 8ರಂದು ಮೂರನೆಯ ಬಾರಿ ಹೊರಟಿತು. ಹಡಗಿನಲ್ಲಿ ನಾವಿಕರು, ಸೈನಿಕರು, ಕೆಲವು ಪ್ರಯಾಣಿಕರು ಸೇರಿ ಮುನ್ನೂರಕ್ಕೂ ಹೆಚ್ಚು ಜನರಿದ್ದರು. ಇಂಗ್ಲಿಷ್ ಕಾಲುವೆಯಲ್ಲಿ ಬಿರುಗಾಳಿಗೆ ಸಿಕ್ಕಿ ಅದು ಚುಕ್ಕಾಣಿಯನ್ನೇ ಕಳೆದುಕೊಂಡಿತು. ಆ ವೇಳೆಗೆ ರೋಗದಿಂದ ಸುಮಾರು 50 ಜನ ಸತ್ತಿದ್ದರು. ಇನ್ನೂ ಹಲವರು ಹಾಸಿಗೆ ಹಿಡಿದಿದ್ದರು. ಉಳಿದ ನಾವಿಕರು ದಂಗೆಯೆದ್ದರು. ಜನವರಿ 26ರಂದು ಕ್ಯಾಪ್ಟನ್ ವಿಲೆಮ್ ಕ್ಲುಂಪ್ ಹಡಗನ್ನು ಈ ತೀರಕ್ಕೆ ಹತ್ತಿಸಿದ. ಬಟಾವಿಯಾ ಇನ್ನೂ ತಿಂಗಳುಗಳ ದೂರದಲ್ಲಿತ್ತು.

ಯುರೋಪಿನ ಸರಕುಗಳಿಗೆ ಏಷ್ಯಾದಲ್ಲಿ ಹೆಚ್ಚಿನ ಬೇಡಿಕೆ ಇರಲಿಲ್ಲ. ಆದಕಾರಣ ಕಂಪನಿಯ ಹಡಗುಗಳು ಬೆಳ್ಳಿಯನ್ನು ಹೊತ್ತು ಬರುತ್ತಿದ್ದವು. ಈ ಹಡಗಿನಲ್ಲಿಯೂ ಬೆಳ್ಳಿಯ ಪೆಟ್ಟಿಗೆಗಳಿದ್ದವು. ಸುತ್ತಲಿನ ಜನ ಲೂಟಿಗೆ ಮುಗಿಬಿದ್ದರೂ ಅಧಿಕಾರಿಗಳು ಬೆಳ್ಳಿಯ ಬಹುಭಾಗವನ್ನು ಉಳಿಸಿದರು.

ಹಡಗು ಮಾತ್ರ ಮೆತ್ತನೆಯ ಕೆಸರು ಮರಳಿನಲ್ಲಿ ಶೀಘ್ರವಾಗಿ ಹೂತುಹೋಯಿತು. ಗಾಳಿ ಸೋಕದ ಆ ಕೆಸರೇ ಅದನ್ನು ಕೊಳೆಯದಂತೆ ಕಾಪಾಡಿತು. 1969ರಲ್ಲಿ ಸಮೀಪದಲ್ಲಿ ಕೆಲಸ ಮಾಡುತ್ತಿದ್ದವರು ಯಂತ್ರದಿಂದ ಅಗೆದಾಗ ಅನೇಕ ವಸ್ತುಗಳು ಹೊರಬಂದವು. ಆಮೇಲೆ ಪುರಾತತ್ವಜ್ಞರು ಬಂದರು. 1984ರಿಂದ 1986ರವರೆಗೆ ಉತ್ಖನನ ನಡೆಯಿತು. ಪಾತ್ರೆ, ಸೀಸೆ, ಬಟ್ಟೆಗಳ ಜೊತೆಗೆ ಹದಿಹರೆಯದ ಹುಡುಗನೊಬ್ಬನ ಮೂಳೆಗಳೂ ದೊರೆತವು. ನಾನು ಪಾಠ ಹೇಳಿದ ಹೈಸ್ಕೂಲು ಮಕ್ಕಳ ವಯಸ್ಸು ಅವನದು.

ಸುಮಾರು 200 ವರ್ಷಗಳ ಅವಧಿಯಲ್ಲಿ ಈ ಕಂಪನಿಯ ಹಡಗುಗಳನ್ನು ಹತ್ತಿ ಪೂರ್ವಕ್ಕೆ ಹೊರಟವರು ಹತ್ತು ಲಕ್ಷದಷ್ಟು ಜನ. ಅವರಲ್ಲಿ ಯುರೋಪಿಗೆ ಮರಳಿದವರು ಅರ್ಧಕ್ಕಿಂತಲೂ ಕಡಿಮೆ. ಹೊರಟವರಲ್ಲಿ ಬಹುಮಂದಿ ಬಡವರು, ಹೊಟ್ಟೆಪಾಡಿಗಾಗಿ ಕೂಲಿಗೆ ಸೇರಿದವರು. ಏಷ್ಯಾದ ಜನರು ಈ ಕಂಪನಿಯಿಂದ ಪಟ್ಟ ಪಾಡು ಬೇರೆಯೇ ಒಂದು ಕಥೆ. ಆದರೆ ಅದರ ಲಾಭದ ಲೆಕ್ಕದಲ್ಲಿ ಅದರದೇ ನಾಡಿನ ಬಡವರ ಜೀವವೂ ಅಗ್ಗವಾಗಿತ್ತು.

ಆಮ್‌ಸ್ಟರ್‌ಡ್ಯಾಮ್ ನಗರದ ನೌಕಾ ವಸ್ತುಸಂಗ್ರಹಾಲಯದ ಬಳಿ ಈ ಹಡಗಿನ ಪ್ರತಿಕೃತಿಯೊಂದು ನೀರಿನ ಮೇಲೆ ನಿಂತಿದೆ. ಬಣ್ಣ ಬಳಿದ ಆ ಹಡಗು ಬಲು ಸುಂದರ. ವಿದೇಶದಲ್ಲಿರುವ ನನ್ನ ವಿದ್ಯಾರ್ಥಿಗಳು ಅದನ್ನು ಅವಶ್ಯವಾಗಿ ನೋಡಲಿ. ಸಾಧ್ಯವಾದರೆ ಇಳಿತದ ವೇಳೆ ತಿಳಿದುಕೊಂಡು ಬುಲ್ವರ್‌ಹೈತ್‌ನ ಮರಳಿಗೂ ಒಮ್ಮೆ ಹೋಗಿಬರಲಿ. ಇತಿಹಾಸವನ್ನು ಅರಿಯಲು ಎರಡೂ ಬೇಕು.