ಸಪಾಟು ಎಲ್ಲಿಂದ ಬಂತು?

ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿ ಗುಡಿಯ ಹೊರಗೋಡೆ ಮ್ಯಾಲೆ ಒಬ್ಬಾಕಿ ನಿಂತು ಶಾಸನ ಬರೀತಿದ್ದಾಳ. ಆರನೇ ವಿಕ್ರಮಾದಿತ್ಯನ ಹೊಗಳಿಕೆ ಅದು. ಆತ ಆಳಿದ್ದು 1076ರಿಂದ 1126ರವರೆಗೆ, ಬಸವಕಲ್ಯಾಣದಿಂದ. ಆಗ ಅದು ಬರೀ ಕಲ್ಯಾಣ. ಬಂದವರೆಲ್ಲ ಆಕೆಯ ನಿಲುವು ನೋಡ್ತಾರ, ಅಕ್ಷರ ನೋಡ್ತಾರ. ಉಳಿ ಇಡೋಕ್ಕೂ ಮೊದಲು ಆ ಕಲ್ಲನ್ನ ಉಜ್ಜಿ ಸಮ ಮಾಡಿದವರ ಬಗ್ಗೆ ಯಾರೂ ಕೇಳಲ್ಲ.

ನನಗೆ ಈ ಹುಚ್ಚು ಹತ್ತಿಸಿದ್ದು ಒಂದು ಹೀಟ್‌ಸಿಂಕ್. ಊರಲ್ಲಿ ನಮ್ಮಣ್ಣಂದು ಆನ್‌ಲೈನ್ ಅರ್ಜಿ ಹಾಕೋ ಅಂಗಡಿ ಅದ. ಮೇ ಬಿಸಿಲಿಗೆ ಅವನ ಹಳೇ ಕಂಪ್ಯೂಟರ್ ತಾನೇ ಬಂದ್ ಆಗ್ತಿತ್ತು. ಪಹಣಿಗೆ ಬಂದ ಮಂದಿ ಹೊರಗೆ ಕಾಯ್ತಿದ್ರು, ಅವತ್ತಿನ ಗಳಿಕೆ ಹೋಗ್ತಿತ್ತು. ಹೀಟ್‌ಸಿಂಕ್ ಬಿಚ್ಚಿ, ತಾಮ್ರದ ತಳಕ್ಕೆ ಸ್ಟೀಲ್ ಸ್ಕೇಲಿನ ಅಂಚು ಇಟ್ಟು ಬೆಳಕಿಗೆ ಹಿಡಿದ್ರೆ ನಡುವೆ ಸಂದು. ಆ ಸಂದಿನಲ್ಲಿ ಗಾಳಿ ಕೂತರೆ ಕಷ್ಟ: ಶಾಖ ಸಾಗಿಸೋದರಲ್ಲಿ ತಾಮ್ರಕ್ಕಿಂತ ಗಾಳಿ ಸುಮಾರು 15 ಸಾವಿರ ಪಟ್ಟು ಹಿಂದೆ. ಪೇಸ್ಟ್ ಗಾಳಿಗಿಂತ ಮೇಲು, ಲೋಹದ ಮುಂದೆ ಅದೂ ಏನಲ್ಲ. ತಳ ನೆಟ್ಟಗಿದ್ರೆ ಹೊಸ ಪೇಸ್ಟ್ ಸಾಕ್ರಿ. ಉಬ್ಬುತಗ್ಗಿದ್ದರೆ ಮಾತ್ರ ಉಜ್ಜಬೇಕು.

ದಪ್ಪ ಗಾಜಿನ ಮ್ಯಾಲೆ ಪಾಲಿಶ್ ಪೇಪರ್ ಇಟ್ಟು, ನೀರು ಚಿಮುಕಿಸಿ 400, 800, 1000, 1500 ಅಂತ ನಂಬರ್ ಏರಿಸ್ತಾ ಉಜ್ಜಿದೆ. ಪೇಪರಿನ ಕರೀ ಹರಳಿಗೂ ನಮಗೂ ನಂಟದ. 1891ರಲ್ಲಿ ಅಮೆರಿಕದ ಅಚೆಸನ್ ಅದನ್ನ ಕರೆಂಟ್ ಕುಲುಮೆಯಲ್ಲಿ ತಯಾರಿಸಿ ಕಾರ್ಬೊರಂಡಮ್ ಅಂತ ಹೆಸರಿಟ್ಟ. ಅದರೊಳಗಿನ ಕೊರಂಡಮ್ ಅನ್ನೋ ಮಾತು ನಮ್ಮ ದಕ್ಷಿಣದ ಕುರುಂದ. ರತ್ನ ಸಾಣೆ ಹಿಡಿಯೋರು ತಲೆತಲಾಂತರದಿಂದ ಬಳಸಿದ ಕಲ್ಲು.

ಪೇಪರ್ ಸವೆಸ್ತದ, ಖರೇ. ಸಪಾಟು ಕೊಡೋದು ಕೆಳಗಿನ ಗಾಜು. ಗಾಜಿಗೆ ಅದನ್ನ ಕೊಟ್ಟಿದ್ದು ಕರಗಿದ ತವರ: ತವರದ ಮಡುವಿನ ಮ್ಯಾಲೆ ಗಾಜನ್ನ ತೇಲಿಸೋ ವಿಧಾನವನ್ನ ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ 1959ರಲ್ಲಿ ಹೊರಗೆಡವಿತು.

ಅದಕ್ಕೂ ಮೊದಲು? 1840ರಲ್ಲಿ ವಿಟ್‌ವರ್ತ್ ಅನ್ನೋ ಇಂಗ್ಲಿಷ್ ಯಂತ್ರಗಾರ ಮೂರು ಫಲಕಗಳ ಲೆಕ್ಕ ವಿವರಿಸಿದ. ಎರಡನ್ನೇ ಒಂದಕ್ಕೊಂದು ಹೊಂದಿಸ್ತಾ ಹೋದ್ರೆ ಒಂದು ಉಬ್ಬಿ, ಇನ್ನೊಂದು ತಗ್ಗಿ, ಎರಡೂ ಸರಿಯಾಗಿ ಕೂಡ್ತಾವ, ಬೀಸುಕಲ್ಲಿನಂಗ. ಮೂರನ್ನ ಅದಲುಬದಲು ಮಾಡಿ, ತಾಕಿದ ಕಡೆ ಹೆರೆದರೆ ಉಬ್ಬಿಗೆ ಅಡಗೋಕೆ ಜಾಗಾನೇ ಇರಲ್ಲ. ಅಳತೆಪಟ್ಟಿ ಇಲ್ಲದೆ ಸಪಾಟು! ನನ್ನ ಬಿಇ ವರ್ಕ್‌ಶಾಪಲ್ಲಿ ಅರ ಹಿಡಿಸಿದ್ರು, ಇದನ್ನ ಹೇಳಲೇ ಇಲ್ಲ.

ಹೊಳಪಿನ ಕಥೆ ಬೇರೆ. 1112ರ ಇಟಗಿ ಮಹಾದೇವ ಗುಡಿಯ ತಿರುಗಣೆ ಕಂಬಗಳು ಇವತ್ತಿಗೂ ಮಿಂಚ್ತಾವ, ಆದ್ರೆ ಬಳಪದ ಕಲ್ಲು ಮೆತ್ತಗೆ, ಒಲಿದು ಬರ್ತದ. ಬೀದರಿನ ಬಿದರಿಯವರದು ಇನ್ನೂ ಸೂಕ್ಷ್ಮ. ಸತು-ತಾಮ್ರದ ಎರಕಕ್ಕೆ ಅರ ಹಾಕಿ ನಯ ಮಾಡಿ, ಚಿತ್ತಾರ ಕೊರೆದು, ಬೆಳ್ಳಿ ಬಡಿದು ಕೂಡಿಸಿ, ಮತ್ತೆ ಉಜ್ಜಿ, ಕೊನೆಗೆ ಕೋಟೆ ಮಣ್ಣು, ನವಸಾಗರದ ನೀರು ಹಚ್ತಾರ. ಸತುವಿನ ಮೈ ಕಡುಕಪ್ಪಾಗ್ತದ, ಬೆಳ್ಳಿ ಬೆಳ್ಳಗೇ ಉಳೀತದ.