ದೇವಾನಾಂಪ್ರಿಯನ ಪಾಡು

ಸಂಸ್ಕೃತ ವ್ಯಾಕರಣ ಓದಿದ ಹಿರಿಯರೊಬ್ಬರನ್ನು ತುಂಬಿದ ಸಭೆಯಲ್ಲಿ ‘ದೇವಾನಾಂಪ್ರಿಯರು’ ಎಂದು ಪರಿಚಯಿಸಿ ನೋಡಿ. ಅವರು ನಕ್ಕು ಸುಮ್ಮನಾದರೆ ನಿಮ್ಮ ಪುಣ್ಯ. ಹೈಸ್ಕೂಲಿನಲ್ಲಿ ನಾವೆಲ್ಲ ಅಶೋಕನ ಬಿರುದೆಂದು ಬಾಯಿಪಾಠ ಮಾಡಿದ ಈ ಪದಕ್ಕೆ ಅವರ ಲೆಕ್ಕದಲ್ಲಿ ‘ಮೂರ್ಖ’ ಎಂದರ್ಥ. ಭಟ್ಟೋಜಿ ದೀಕ್ಷಿತರ ಸಿದ್ಧಾಂತಕೌಮುದಿ ಅದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಅದಕ್ಕೂ ಮೊದಲೇ, 12ನೆಯ ಶತಮಾನದಲ್ಲಿ, ಹೇಮಚಂದ್ರನ ಅಭಿಧಾನಚಿಂತಾಮಣಿ ಇದನ್ನು ದಡ್ಡರ ಸಾಲಿನಲ್ಲಿ ಕೂರಿಸಿತ್ತು.

ದೇವರಿಗೆ ಬೇಕಾದವನು ದಡ್ಡನಾದದ್ದು ಹೇಗೆ? ಅದಕ್ಕೆ ಮುಂಚೆ ಈ ಬಿರುದು ಮಾಡಿದ ಇನ್ನೊಂದು ಕಿತಾಪತಿಯನ್ನು ಹೇಳಬೇಕು. ಅದು ತನ್ನ ಒಡೆಯನ ಹೆಸರನ್ನೇ ನುಂಗಿತ್ತು. ಬಂಡೆಗಳ ಮೇಲೆ, ಕಂಬಗಳ ಮೇಲೆ ಅಶೋಕ ಹೆಚ್ಚುಕಡಿಮೆ ಎಲ್ಲ ಕಡೆಯೂ ‘ದೇವಾನಂಪಿಯ ಪಿಯದಸಿ ರಾಜ’ ಎಂದಷ್ಟೇ ಮಾತಾಡುತ್ತಾನೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ ಅಕ್ಷರ ಬಿಡಿಸಿತು, ಆಸಾಮಿ ಯಾರೆಂದು ಮಾತ್ರ ತಿಳಿಯಲಿಲ್ಲ. ಸಿಂಹಳದ ದೇವಾನಂಪಿಯ ತಿಸ್ಸ ಇರಬಹುದೆಂದು ಅವನು ಮೊದಲು ಊಹಿಸಿದ. ಅದೇ ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್, ಪಿಯದಸ್ಸಿ ಎಂದರೆ ಅಶೋಕನೇ ಎಂಬುದನ್ನು ದೀಪವಂಸದಿಂದ ಹೆಕ್ಕಿ ಕೊಟ್ಟ. ಕಲ್ಲಿನ ಸಾಕ್ಷಿಗೆ 1915ರವರೆಗೆ ಕಾಯಬೇಕಾಯಿತು. ನಮ್ಮ ರಾಯಚೂರಿನ ಮಸ್ಕಿಯಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್‌ನ ಕಣ್ಣಿಗೆ ಬಿದ್ದ ಬಂಡೆಯಲ್ಲಿ ‘ದೇವಾನಂಪಿಯಸ ಅಸೋಕಸ’ ಎಂದಿತ್ತು: ಬಿರುದೂ ಹೆಸರೂ ಅಕ್ಕಪಕ್ಕ. (ಆಮೇಲೆ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಗಳಲ್ಲೂ ಹೆಸರು ಸಿಕ್ಕಿತು. ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳು ಮಾತ್ರ ಮಸ್ಕಿಯನ್ನು ಬಿಟ್ಟು ಕದಲಿಲ್ಲ.)

ಪ್ರಿನ್ಸೆಪ್‌ನ ಊಹೆ ತಪ್ಪಿದರೂ ದಡ್ಡತನದ್ದಾಗಿರಲಿಲ್ಲ. ಈ ಬಿರುದು ಅಶೋಕನೊಬ್ಬನ ಸೊತ್ತಲ್ಲ. ಎಂಟನೆಯ ಬಂಡೆ ಶಾಸನದಲ್ಲಿ, ಹಿಂದಿನ ಅರಸರು ಬೇಟೆ ವಿಹಾರ ಎಂದು ಹೊರಡುತ್ತಿದ್ದರು ಎನ್ನುವ ಕಡೆ, ಗಿರ್ನಾರ್ ಪಾಠದಲ್ಲಿ ‘ರಾಜರು’ ಎಂದಿದ್ದರೆ ಕಾಲ್ಸಿ ಪಾಠದಲ್ಲಿ ‘ದೇವಾನಂಪಿಯರು’ ಎಂದಿದೆ. ಅಂದರೆ ಅಶೋಕನ ಅಪ್ಪ ಬಿಂದುಸಾರ, ಅಜ್ಜ ಚಂದ್ರಗುಪ್ತರೂ ಆ ಲೆಕ್ಕಕ್ಕೆ ದೇವಾನಂಪಿಯರೇ. ಮೊಮ್ಮಗ ದಶರಥ ನಾಗಾರ್ಜುನಿ ಬೆಟ್ಟದ ಗವಿಗಳನ್ನು ಆಜೀವಿಕರಿಗೆ ದಾನ ಕೊಟ್ಟಾಗ ಅದನ್ನೇ ಹಾಕಿಕೊಂಡ. ಒಬ್ಬರನ್ನೊಬ್ಬರು ನೋಡದೆಯೇ ಅಶೋಕನ ಗೆಳೆಯನಾದ ಸಿಂಹಳದ ತಿಸ್ಸನಂತೂ ಇತಿಹಾಸದಲ್ಲಿ ಉಳಿದದ್ದೇ ಆ ಹೆಸರಿನಿಂದ.

ಬಿರುದು ಹೀಗೆ ಮನೆಯಲ್ಲೆಲ್ಲ ಓಡಾಡಿತು, ಮನೆಯವರ ಹೆಸರುಗಳು ಮಾತ್ರ ಕಲ್ಲಿಗೆ ಏರಲಿಲ್ಲ. ಸಿಂಹಳದ ಕಥೆಗಳಲ್ಲಿ ಬರುವ ವಿದಿಶೆಯ ದೇವಿ, ಅವಳ ಮಕ್ಕಳಾದ ಮಹಿಂದ, ಸಂಘಮಿತ್ತೆ ಯಾರೂ ಶಾಸನಗಳಲ್ಲಿಲ್ಲ. ಅಲಹಾಬಾದ್ ಕಂಬದ ಮೇಲೆ ಒಬ್ಬಳೇ ರಾಣಿ ಹೆಸರು ಹೇಳಿಸಿಕೊಳ್ಳುತ್ತಾಳೆ: ಕಾರುವಾಕಿ, ಎರಡನೆಯ ರಾಣಿ, ತೀವರನ ತಾಯಿ. ಮಾವಿನತೋಪೋ, ಉದ್ಯಾನವೋ, ದಾನಶಾಲೆಯೋ, ಅವಳು ಕೊಟ್ಟದ್ದನ್ನು ಅವಳ ಹೆಸರಿನಲ್ಲೇ ಲೆಕ್ಕಕ್ಕೆ ಹಿಡಿಯಿರಿ ಎಂದು ಅಧಿಕಾರಿಗಳಿಗೆ ಅಪ್ಪಣೆ. ಅದು ಅವಳ ಹಟವೇ ಇರಬೇಕು ಎಂದು ನನ್ನ ಗುಮಾನಿ. ತೊಂಬತ್ತೊಂಬತ್ತು ಮಂದಿ ಅಣ್ಣತಮ್ಮಂದಿರನ್ನು ಕೊಂದ ಎಂಬ ಕಥೆಯ ಎದುರಿಗೆ ಐದನೆಯ ಬಂಡೆ ಶಾಸನ ನಿಂತಿದೆ. ಅಲ್ಲಿ ಅಣ್ಣತಮ್ಮಂದಿರ, ಅಕ್ಕತಂಗಿಯರ ಮನೆಗಳ ಉಸ್ತುವಾರಿಯ ಮಾತು ಬರುತ್ತದೆ. ಚಿತ್ರದುರ್ಗದ ಬ್ರಹ್ಮಗಿರಿಯ ಶಾಸನವೋ, ಸುವರ್ಣಗಿರಿಯಲ್ಲಿದ್ದ ‘ಆರ್ಯಪುತ್ರ’ನ ಅಪ್ಪಣೆಯಂತೆ ಇಸಿಲದ ಅಧಿಕಾರಿಗಳ ಕುಶಲ ಕೇಳಿ ಶುರುವಾಗುತ್ತದೆ. ಕನ್ನಡ ನೆಲದಲ್ಲಿ ಆಳಿದ ಆ ರಾಜಕುಮಾರನಿಗೂ ಸಿಕ್ಕಿದ್ದು ಪದವಿಯ ಹೆಸರೊಂದೇ.

ಇನ್ನು ದಡ್ಡತನದ ವಿಚಾರ. ಬೌದ್ಧ ಅರಸನ ಮೇಲಿನ ಸಿಟ್ಟಿಗೆ ವೈದಿಕರು ಬಿರುದನ್ನೇ ಬೈಗುಳ ಮಾಡಿದರು ಎಂಬ ವಿವರಣೆ ಬಹಳ ಜನಕ್ಕೆ ಇಷ್ಟ. ನನಗೆ ಅದು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಅಶೋಕನ ನಂತರದ ಪತಂಜಲಿ ಇದನ್ನು ‘ದೀರ್ಘಾಯು’, ‘ಆಯುಷ್ಮಾನ್’ಗಳ ಜೊತೆ ಗೌರವದ ಸಾಲಿನಲ್ಲೇ ಇಡುತ್ತಾನೆ. ಏಳನೆಯ ಶತಮಾನದ ಬಾಣನ ಹರ್ಷಚರಿತದಲ್ಲೂ ಮರ್ಯಾದೆಗೆ ಕುಂದಿಲ್ಲ. ಎಡವಟ್ಟಿಗೆ ವ್ಯಾಕರಣದ ಪಾಲೂ ಇದೆ. ಸಮಾಸವಾದಾಗ ವಿಭಕ್ತಿ ಬಿದ್ದು ‘ದೇವಪ್ರಿಯ’ ಆಗಬೇಕಿತ್ತು. ಇಲ್ಲಿ ‘ದೇವಾನಾಂ’ ಹಾಗೇ ಉಳಿಯಿತು. ಬೈಯುವಾಗ ಷಷ್ಠಿ ವಿಭಕ್ತಿ ಉಳಿಯುತ್ತದೆ ಎಂದು ಪಾಣಿನಿಯ ಸೂತ್ರ. ಅದರಡಿಯಲ್ಲಿ ಕಾತ್ಯಾಯನ ಬೇರೆ ಕೆಲವು ಪದಗಳ ಜೊತೆ ಇದನ್ನೂ ಸೇರಿಸಿದ. ಬೈಗುಳದ ಸೂತ್ರದ ಕೆಳಗೆ ಕೂತ ಪದಕ್ಕೆ ಬೈಗುಳದ ವಾಸನೆ ಅಂಟಲು ಎಷ್ಟು ಹೊತ್ತು? ಶಂಕರರ ಸೂತ್ರಭಾಷ್ಯದ ಹೊತ್ತಿಗೆ ಅದು ಎದುರುವಾದಿಯನ್ನು ಚುಚ್ಚುವ ಮಾತಾಗಿತ್ತು.

ಚುಚ್ಚಲು ಬೈಗುಳವೇ ಬೇಕೆಂದಿಲ್ಲ ಎಂಬುದು ನಮಗೂ ಗೊತ್ತು. ಸಾಲ ಈಸಿಕೊಂಡು ಫೋನ್ ಎತ್ತದವನು ‘ಪುಣ್ಯಾತ್ಮ’. ಬೇಡದ ಕಡೆ ಬುದ್ಧಿ ಹೇಳುವವನು ‘ಬೃಹಸ್ಪತಿ’. ದಾರಿಗಡ್ಡವಾಗಿ ಕಾರು ನಿಲ್ಲಿಸಿ ಹೋದವನು ‘ಯಾರೋ ಮಹಾನುಭಾವ’. ಹೊಗಳಿಕೆಯ ಮಾತು ಅಗ್ಗವಾದಷ್ಟೂ ಅದನ್ನು ತಿರುಗಿಸಿ ಹೇಳುವುದು ಸಲೀಸು. ವೈರಿಗಳು ಬೇಕಾಗಿಯೇ ಇಲ್ಲ, ಬಳಕೆಯೇ ಸಾಕು.

ಕಂದಹಾರದಲ್ಲಿ 1958ರಲ್ಲಿ ದೊರೆತ ಗ್ರೀಕ್–ಅರಾಮಿಕ್ ಶಾಸನದಲ್ಲಿ ಈ ಬಿರುದು ಎರಡು ಭಾಷೆಯಲ್ಲೂ ಇಲ್ಲ, ಬರೀ ಪ್ರಿಯದರ್ಶಿ ರಾಜ. ಕಲಬುರಗಿಯ ಸನ್ನತಿ ಬಳಿಯ ಕನಗನಹಳ್ಳಿಯ ಸ್ತೂಪದಲ್ಲೂ ಇಲ್ಲ. ಅಶೋಕ ಸತ್ತು ಶತಮಾನಗಳಾದ ಮೇಲೆ ಭೀಮೆಯ ದಂಡೆಯ ಶಿಲ್ಪಿ ಅವನನ್ನು ರಾಣಿಯ ಜೊತೆ, ಛತ್ರ ಚಾಮರ ಹಿಡಿದ ಹೆಂಗಸರ ನಡುವೆ ಕೆತ್ತಿ, ಪಕ್ಕದಲ್ಲಿ ‘ರಾಯ ಅಸೋಕ’ ಎಂದು ಬರೆದ. ಅಲ್ಲಿ ‘ರಾಯ’ ಎಂದರೆ ರಾಜ. ಕೃಷ್ಣದೇವರಾಯನವರೆಗೂ ಆ ಮಾತು ಗತ್ತಿನಿಂದಲೇ ನಡೆದು ಬಂತು, ಮಂತ್ರಾಲಯಕ್ಕೆ ಹೋಗುವವರ ಬಾಯಲ್ಲಿ ಈಗಲೂ ಭಕ್ತಿಯಿಂದಲೇ ಇದೆ. ಆದರೆ ಭಾನುವಾರ ಹತ್ತು ಗಂಟೆಗೆ ಎದ್ದು ಕಾಫಿ ಕೇಳುವ ಗಂಡನಿಗೆ ಅಡುಗೆಮನೆಯಿಂದ ಬರುವ ಉತ್ತರ ಕೇಳಿ: “ಓಹೋ, ರಾಯರಿಗೆ ಈಗ ಬೆಳಗಾಯಿತೋ?”